ಬಾವಿ ಮುಚ್ಚಿದವರು

ಬಾವಿಯ ಮುಚ್ಚಳ ಒಡೆಯುತ್ತಾರಂತೆ ಎಂಬ ಮಾತು ಕಿವಿಗೆ ಬಿದ್ದಾಗ ಮಬ್ರೂಕಾ ಸಂಘದ ಅಡುಗೆಮನೆಯಲ್ಲಿ ಕುಸ್‌ಕುಸ್‌ಗೆ ರವೆ ಜರಡಿ ಹಿಡಿಯುತ್ತಿದ್ದಳು. ಕೈ ನಿಂತಿತು.

"ಯಾವ ಬಾವಿ?" ಎಂದಳು, ಊರಿನಲ್ಲಿ ಮುಚ್ಚಿದ ಬಾವಿ ಇರುವುದು ಒಂದೇ ಎಂದು ಗೊತ್ತಿದ್ದೂ.

"ಎಣ್ಣೆ ಗಾಣದ ಹಿಂದಿಂದು, ಚಿಕ್ಕಮ್ಮ," ಎಂದಳು ಇನ್ಸಾಫ್. ಔಷಧದಂಗಡಿಯ ಈ ಹೆಣ್ಣು ಆ ವರ್ಷವಷ್ಟೇ ಸಂಘದ ಅಧ್ಯಕ್ಷೆಯಾಗಿದ್ದಳು. "ಮಳೆ ನೀರು ಇಂಗಿಸೋಕೆ. ಬೇಸಿಗೆ ಬಂದ್ರೆ ನಲ್ಲಿ ಬರೀ ಗಾಳಿ ಊದುತ್ತೆ. ಅದೂ ಅಲ್ದೆ ಸಂಘಕ್ಕೆ ನಲವತ್ತು ತುಂಬ್ತಿದೆ. ಆ ಬಾವಿ ಮುಚ್ಚಿದ್ದೇ ನಮ್ಮ ಮೊದಲನೇ ಕೆಲಸವಂತಲ್ಲ, ಅದನ್ನೇ ತೆರೆದು ಹಬ್ಬ ಮಾಡೋಣ ಅಂತ."

ಐನ್ ಝಿತೂನದ ನೆರವು ಸಂಘದ ಚರಿತ್ರೆ ಊರಿಗೆಲ್ಲ ಬಾಯಿಪಾಠ. ಆಡಿನ ಮರಿಯೊಂದು ಬತ್ತಿದ ಬಾವಿಗೆ ಬಿತ್ತು. ನಾಳೆ ಮಗು ಬಿದ್ದರೇನು ಗತಿ ಎಂದು ನಾಲ್ವರು ಗೆಳೆಯರು ಅದರ ಬಾಯಿಗೆ ಕಾಂಕ್ರೀಟ್ ಹೊದಿಸಿದರು. ಅಲ್ಲಿಂದ ಸಂಘ ಬೆಳೆಯಿತು. ನೆರೆ ಬಂದಾಗ ದೋಣಿ, ರೋಗಿಗೆ ರಕ್ತ, ದಿಕ್ಕಿಲ್ಲದ ಹೆಣಕ್ಕೆ ಹೆಗಲು. ಆ ನಾಲ್ವರಲ್ಲಿ ಈಗ ಉಳಿದವನು ಬೂರಾವಿ, ಹಳೆಯ ಲಾರಿ ಡ್ರೈವರ್.

ಯಾರೂ ಬಾಯಿಬಿಟ್ಟು ಹೇಳದ ಚರಿತ್ರೆಯೂ ಒಂದಿತ್ತು. ಬಾವಿ ಮುಚ್ಚಿದ ವಾರವೇ ಮಬ್ರೂಕಾಳ ಗಂಡ ಹಶ್ಮಿ ಕಾಣೆಯಾದ. ಲಿಬಿಯಾಕ್ಕೆ ಕೂಲಿಗೆ ಹೋದನೆಂದರು. ಅದಕ್ಕೆ ಸ್ವಲ್ಪ ಮುಂಚೆ ಕಾಫಿ ಅಂಗಡಿಯಲ್ಲಿ ಬೂರಾವಿ ಅವನ ಕೊರಳಪಟ್ಟಿ ಹಿಡಿದು, "ಇನ್ನೊಂದ್ಸಲ ಆ ಹೆಣ್ಣಿನ ಮೇಲೆ ಕೈಯೆತ್ತಿದ್ರೆ ಭೂಮಿ ನುಂಗುತ್ತೆ ನಿನ್ನ" ಎಂದಿದ್ದ. ಕೇಳಿದವರು ಬೇಕಾದಷ್ಟು ಮಂದಿ.

ಪ್ರತಿ ಈದ್‌ಗೂ ಸಂಘದವರು ಸುಣ್ಣದ ಬಕೆಟ್ಟು ಹಿಡಿದು ಮೊದಲು ಹೋಗುತ್ತಿದ್ದದ್ದು ಮಬ್ರೂಕಾಳ ಮನೆಗೆ. ಪಾಪ ತೊಳ್ಕೊಳ್ತಿದ್ದಾರೆ ಎಂದು ಊರು ಕಣ್ಣು ಮಿಟುಕಿಸುತ್ತಿತ್ತು. ಅವಳೂ ಸಂಘ ಸೇರಿದಳು. ಹೆಂಗಸರ ಹೆಣಕ್ಕೆ ಸ್ನಾನ ಮಾಡಿಸಲು ಬೇರೆಯವರು ಹಿಂಜರಿದಾಗ ಅವಳೇ ಅಂಗಿಯ ತೋಳು ಮಡಚಿ ಮುಂದೆ ಬಂದಳು. ಗಾಣದ ಹಿಂದಿನ ದಾರಿಯನ್ನು ಮಾತ್ರ ತುಳಿಯಲಿಲ್ಲ.

ಆ ಮಧ್ಯಾಹ್ನವೇ ಅವಳು ಬೂರಾವಿಯ ಅಂಗಳಕ್ಕೆ ಹೋದಳು. ಮುದುಕ ಪಾಪಸುಕಳ್ಳಿ ಹಣ್ಣಿನ ಮುಳ್ಳು ಸವರುತ್ತಿದ್ದ.

"ಒಡೀಬೇಡಿ ಅಂತ ಹೇಳು," ಎಂದಳು. "ನಿನ್ನ ಮಾತು ಅವರು ಮೀರಲ್ಲ."

"ಒಡೀರಿ ಅಂದವನೇ ನಾನು."

"ಬುದ್ಧಿ ನೆಟ್ಟಗಿದ್ಯಾ ನಿಂಗೆ? ಒಳಗೇನಿದೆ ಅಂತ ಮರೆತುಹೋಯ್ತಾ?"

ಬೂರಾವಿ ತಲೆಯೆತ್ತಲಿಲ್ಲ. "ಮುಚ್ಚಿದವನು ನಾನು, ಮಬ್ರೂಕಾ. ನಂಗೊತ್ತಿಲ್ವಾ? ನಾನು ಕಣ್ಮುಚ್ಚೋ ಮುಂಚೆ ನೀನೊಂದ್ಸಲ ಅದರೊಳಗೆ ನೋಡ್ಬೇಕು."

ಮುದುಕನಿಗೆ ಅರಳುಮರಳು. ಮೂಳೆ ಸಿಕ್ಕರೆ ಕೇಳುವ ಮೊದಲ ಪ್ರಶ್ನೆ ಮುಚ್ಚಿದ್ದು ಯಾರು ಎಂಬುದು. ಕಾಫಿ ಅಂಗಡಿಯ ಮಾತು ತಾನಾಗಿ ಎದ್ದು ಬರುತ್ತದೆ. ಊರಿಗೇ ಹೆಗಲು ಕೊಟ್ಟವನ ಕೈಗೆ ಬೇಡಿ ಬೀಳುತ್ತದೆ.

ಭಾನುವಾರ ಗಾಣದ ಹಿಂದೆ ಜಾತ್ರೆಯಂತೆ ಜನ ಸೇರಿತು. ಕರೆಯದಿದ್ದರೂ ಪೊಲೀಸ್ ಹವಾಲ್ದಾರ ಬಂದು ಆಲಿವ್ ಮರಕ್ಕೆ ಒರಗಿ ನಿಂತ.

"ನೀವ್ಯಾಕೆ ಸಾರ್ ಬಿಸಿಲಿಗೆ ಬಂದ್ರಿ?" ಎಂದು ಯಾರೋ ಚುಚ್ಚಿದರು.

"ಹಳೇ ಬಾವಿ ನೋಡಿದ್ರೆ ಬಾಯಾರುತ್ತೆ ನಂಗೆ," ಎಂದ ಹವಾಲ್ದಾರ. ಕಣ್ಣು ಬೂರಾವಿಯ ಮೇಲಿತ್ತು.

ಮಬ್ರೂಕಾ ಮುಂದಿನ ಸಾಲಿನಲ್ಲೇ ನಿಂತಳು. ಮೂಳೆ ಕಂಡ ಕೂಡಲೇ ತಾನು ಬಾಯಿ ತೆರೆಯಬೇಕು, ಬೂರಾವಿಗಿಂತ ಮೊದಲು. ಏನು ಹೇಳಬೇಕೆಂಬುದನ್ನು ರಾತ್ರಿಯಿಡೀ ಉರು ಹೊಡೆದಿದ್ದಳು. ಸುತ್ತಿಗೆಯ ಪ್ರತಿ ಏಟೂ ಅವಳ ಹಲ್ಲಿಗೆ ತಾಗುತ್ತಿತ್ತು.

ಕಾಂಕ್ರೀಟ್ ಬಿರಿಯಿತು. ತುಂಡುಗಳನ್ನು ಸರಪಳಿ ಹಾಕಿ ಎಳೆದರು. ಹಳಸಲು ಗಾಳಿ ಮೇಲೆದ್ದು ಬಂತು. ಗೆಳತಿಯೊಬ್ಬಳು ಇನ್ಸಾಫ್‌ಳ ಸೊಂಟ ಹಿಡಿದುಕೊಂಡಳು. ಇನ್ಸಾಫ್ ದೀಪ ಕಟ್ಟಿದ ಹಗ್ಗ ಇಳಿಬಿಟ್ಟು ಬಗ್ಗಿ ನೋಡಿದಳು. ಜನ ಮುಂದಕ್ಕೆ ಒತ್ತರಿಸಿದರು. ಹವಾಲ್ದಾರ ಮರ ಬಿಟ್ಟು ಬಂದ.

"ಏನೂ ಇಲ್ಲ," ಎಂದಳು ಇನ್ಸಾಫ್. "ತಳ ಚೊಕ್ಕಟವಾಗಿದೆ. ಬರೀ ಮರಳು."

ಹವಾಲ್ದಾರ ತಾನೇ ಬಗ್ಗಿ, ಬ್ಯಾಟರಿ ಹಾಯಿಸಿ, ಸುತ್ತ ಬಂದು ಮತ್ತೊಮ್ಮೆ ಬಗ್ಗಿದ. ಟೊಪ್ಪಿ ಸರಿಮಾಡಿಕೊಂಡ. ಜನ ನಗಾಡಿದರು. "ನಲವತ್ತು ವರ್ಷ ಬೂರಾವಿಯಜ್ಜನ ಮೇಲೆ ಸುಮ್ನೆ ಗೂಬೆ ಕೂರಿಸಿದ್ವಲ್ಲೋ!" ಎಂದು ಒಬ್ಬ ಕೂಗಿದ. ಯಾರೋ ತಾಳ ಹಾಕಿದರು, ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು, ಕುಸ್‌ಕುಸ್‌ನ ಹಂಡೆಯ ಮುಚ್ಚಳ ತೆಗೆದರು.

ಮಬ್ರೂಕಾ ಮಾತ್ರ ಬಾವಿಯ ಕಟ್ಟೆ ಹಿಡಿದು ಒಳಗೇ ನೋಡುತ್ತಿದ್ದಳು. ಬೂರಾವಿ ಅವಳ ತೋಳು ಹಿಡಿದು ತನ್ನ ಕುರ್ಚಿಯಲ್ಲಿ ಕೂರಿಸಿದ.

"ಎಲ್ಲಿ?" ಎಂದಳು. ದನಿ ಹೊರಡಲಿಲ್ಲ, ತುಟಿ ಅಲ್ಲಾಡಿತು ಅಷ್ಟೆ. "ಎಲ್ಲಿಗೆ ಸಾಗಿಸಿದ್ರಿ?"

"ಸ್ಫಾಕ್ಸ್ ಪಟ್ಟಣಕ್ಕೆ. ನನ್ನ ಲಾರೀಲೇ. ಹೋದ ಚಳಿಗಾಲ ಅಲ್ಲಿ ಮಣ್ಣು ಮಾಡಿದ್ರು. ಅದಕ್ಕೇ ಈಗ ತೆರೆಸಿದ್ದು."

"ಹೋದ ಚಳಿಗಾಲ?"

"ಗೊತ್ತಾದ್ರೆ ಬಾಗಿಲು ನೋಡ್ತಾ ಕೂತೇ ಸಾಯ್ತೀಯ ಅಂತ ನಾಲ್ಕೂ ಜನ ಬಾಯಿ ಹೊಲ್ಕೊಂಡ್ವಿ. ಒಳ್ಳೇದು ಮಾಡಿದ್ವೋ, ಕೆಟ್ಟದ್ದೋ, ದೇವರಿಗೇ ಗೊತ್ತು."

ಅವಳು ಏನೋ ಹೇಳಹೋದಳು. ಬೂರಾವಿ ಹವಾಲ್ದಾರನ ಕಡೆ ಒಮ್ಮೆ ನೋಡಿ, ಅವಳ ಕಿವಿಯ ಹತ್ತಿರ ಬಾಗಿದ.

"ನೀನು ತಳ್ಳಿದ ಮಾರನೇ ಬೆಳಿಗ್ಗೆ ಹಗ್ಗ ಇಳಿಸಿದ್ವಿ, ಮಗಳೇ, ಕಾಲು ಮುರಿದಿತ್ತು, ಆದ್ರೆ ಉಸಿರಾಡ್ತಿದ್ದ."