ಹಸಿದ ಇದ್ದಲಿ

ನೀರು ಹೊಯ್ದ ಇದ್ದಲಿಯ ವಾಸನೆ ಬಂದರೆ ಈಗಲೂ ಮುಧೋಳದ ನಮ್ಮ ಉಪ್ಪೇರಿದ ಸವಳು ಹೊಲ ಕಣ್ಣಮುಂದೆ ಬರುತ್ತದೆ.

ಅವ್ವ ತೀರಿಹೋದ ವರ್ಷ ಅದು. ಊರವರು ಕಬ್ಬು ಕಡಿದ ಮೇಲೆ ಉಳಿದ ಒಣ ಗರಿಯನ್ನು, ರವದಿಯನ್ನು, ಸುಟ್ಟು ಬೂದಿ ಮಾಡುತ್ತಿದ್ದರು. ಅಪ್ಪ ಮಾತ್ರ ಅದನ್ನು ನೆಲದಲ್ಲಿ ತೋಡಿದ ಕುಣಿಯಲ್ಲಿ ಸುಟ್ಟು, ಬೂದಿಯಾಗುವ ಮೊದಲೇ ನೀರು ಹೊಯ್ದು ಇದ್ದಲಿ ಮಾಡುತ್ತಿದ್ದ. “ಇದನ್ನ ಹಾಕಿದ್ರ ಸತ್ತ ಮಣ್ಣಿಗೆ ಜೀವ ಬರತೈತಿ” ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಅಪ್ಪ ಇಲ್ಲದಾಗ, ಅವ್ವ ನೆಟ್ಟಿದ್ದ ಬದನೆ ಗಿಡಗಳ ಬುಡಕ್ಕೆ ನಾನೊಬ್ಬಳೇ ಆ ಇದ್ದಲಿ ಹೊತ್ತು ಸುರಿದೆ. ಅಪ್ಪ ಬಂದು ನೋಡಿದ, ಬೈಯಲಿಲ್ಲ. ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಚೂರು ಆರಿಸತೊಡಗಿದ.

“ಇದು ಹಸದ ಇದ್ದಲಿ, ಯವ್ವಾ. ಮೊದಲ ಸಗಣಿ ನೀರಾಗ ನೆನಸಿ ಇದರ ಹೊಟ್ಟಿ ತುಂಬಸಬೇಕು. ಇಲ್ಲಂದ್ರ ಗಿಡದ ಊಟಾನೂ ಇದ ಉಣ್ಣತೈತಿ.”

ನಾನೂ ಆರಿಸಿದೆ. ಬಹಳ ಹೊತ್ತಿನ ಮೇಲೆ ಅಪ್ಪ ನನ್ನ ಕರಿಗಟ್ಟಿದ ಕೈ ನೋಡಿದ.

“ನೀ ಉಂಡೀ?”

“ನಿನ್ನಿ ಸಂಜೀಕ,” ಎಂದೆ.