ಡಾಂಬರ್ಯಾ ಸತ್ತ ದಿನ ನಿಂತ ಮಗ್ಗ

ಹೋದ ಸಲದ ವಾಯ್ಸ್ ನೋಟ್ ಕೇಳಿ "ಅಜ್ಜನಿಗೆ ಮರೆವು ಶುರುವಾಗಿದೆ" ಎಂದು ಗ್ರೂಪಿನಲ್ಲಿ ನಗುವ ಬೊಂಬೆ ಹಾಕಿದವರು ಯಾರು ಅಂತ ನನಗೆ ಗೊತ್ತಿದೆ...

ಹೆಂಡತಿಯ ಫೋನ್ ನಂಬರ್ ಬಾಯಿಪಾಠ ಬರದ ನೀವು ನನ್ನ ನೆನಪಿನ ಪರೀಕ್ಷೆ ಮಾಡುತ್ತೀರಾ? ಸುಮ್ಮನೆ ಕೂತು ಕೇಳಿ.

ಬೆಟಗೇರಿಯ ನೇಕಾರರ ಓಣಿ. ಅಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು. ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಮಾಡುವವಳು.

ಗಂಡ ಇಲ್ಲ, ಮಕ್ಕಳಿಲ್ಲ... ಬಾಯಿ ಮಾತ್ರ ಅವಳ ಎಣ್ಣೆ ಬಾಣಲೆಗಿಂತ ಬಿಸಿ.

ಒಮ್ಮೆ ರಸ್ತೆ ಕೆಲಸದವರು ಬಿಟ್ಟು ಹೋದ ಡಾಂಬರಿನಲ್ಲಿ ಒಂದು ನಾಯಿಮರಿ ಸಿಕ್ಕಿಕೊಂಡಿತ್ತು. ಕಾಲು, ಕಿವಿ, ಕಣ್ಣು ಎಲ್ಲ ಅಂಟು. ಜನ ನೋಡಿದರು, "ಪಾಪ" ಅಂದರು, ಬಸ್ ಹತ್ತಿದರು.

ಫಕೀರವ್ವ ಒಲೆ ಆರಿಸಿದಳು. ಭಜಿ ಎಣ್ಣೆ ಆರಿದ ಮೇಲೆ ಅದರಲ್ಲಿ ಸೆರಗು ಅದ್ದಿ, ಮರಿಯ ಮೈ ತಿಕ್ಕುತ್ತಾ ಕೂತಳು. ಅವತ್ತು ವ್ಯಾಪಾರವೇ ಇಲ್ಲ.

ಅದು ಬದುಕಿತು. ಹೆಸರು ಡಾಂಬರ್ಯಾ.

"ನನ್ನ ಮಗಾ" ಎಂದೇ ಕರೆಯುತ್ತಿದ್ದಳು. ಮಗನಿಗೆ ಕೊಡುವಷ್ಟೇ ಬೈಗುಳ ಕೊಡುತ್ತಿದ್ದಳು, ಪ್ರೀತಿಯೂ ಅಷ್ಟೇ.

ಅವಳ ಗೋಡೆಗೆ ಹೊಂದಿಕೊಂಡು ತಿಪ್ಪಣ್ಣನ ಮನೆ. ನೇಕಾರ. ಒಂಟಿ ಮನುಷ್ಯ, ಮುಖದಲ್ಲಿ ನಗು ಕಂಡವರಿಲ್ಲ.

ಡಾಂಬರ್ಯಾ ಮರಿಯಿದ್ದಾಗ ಅವನ ಮಗ್ಗಕ್ಕೆ ಕಟ್ಟಿದ್ದ ಹಾಸಿನ ಎಳೆಗಳನ್ನು ಕಡಿದು ಹಾಕಿತ್ತು. ರೇಷ್ಮೆ ನೂಲು... ಹಗಲೆಲ್ಲ ಕೂತು ಕಟ್ಟಿದ ಕೆಲಸ ಹಾಳು. ಆಗ ಓಣಿಯ ನಡುವೆ ನಿಂತು ತಿಪ್ಪಣ್ಣ ಅಂದಿದ್ದ,

"ಈ ನಾಯಿನ್ನ ಒಂದಿನ ನೋಡ್ಕೊಂತೀನಿ."

ಅಂದಿನಿಂದ ಎರಡು ಮನೆಗೂ ಮಾತಿಲ್ಲ. ವರ್ಷಗಳೇ ಕಳೆದವು. ಆ ಮಾತನ್ನು ಮಾತ್ರ ಫಕೀರವ್ವ ಉಪ್ಪಿನಕಾಯಿಯಂತೆ ಹಾಕಿಟ್ಟಿದ್ದಳು.

ಒಂದು ಬೆಳಗ್ಗೆ ಡಾಂಬರ್ಯಾ ಏಳಲಿಲ್ಲ.

ದನದ ಡಾಕ್ಟರು ಬಂದು ನೋಡಿ, ವಯಸ್ಸಾಗಿತ್ತು ತಾಯಿ, ಎಂದರು. ಫಕೀರವ್ವ ಅವರ ಮುಖವನ್ನೇ ದಿಟ್ಟಿಸಿದಳು. ಈ ಡಾಕ್ಟರಿಗೂ ತಿಪ್ಪಣ್ಣನಿಗೂ ಏನಾದರೂ ನೆಂಟಸ್ತನವೇ?

ನಾಯಿಯನ್ನು ಗೋಣಿಚೀಲದ ಮೇಲೆ ಮಲಗಿಸಿ ಅಳುತ್ತಿದ್ದವಳು ತಟ್ಟನೆ ಅಳು ನಿಲ್ಲಿಸಿದಳು...

ಪಕ್ಕದ ಮನೆಯ ಮಗ್ಗದ ಸದ್ದಿಲ್ಲ!

ಆ ಓಣಿಯಲ್ಲಿ ಹಾಡುಹಗಲು ಮಗ್ಗ ನಿಲ್ಲುವುದು ಎರಡೇ ಕಾರಣಕ್ಕೆ. ಹಬ್ಬ, ಇಲ್ಲವೇ ಸಾವು. ಅವತ್ತು ಹಬ್ಬವಿರಲಿಲ್ಲ. ಓಣಿಯಲ್ಲಿ ಯಾರೂ ಸತ್ತಿರಲಿಲ್ಲ.

ಹಾಗಾದರೆ ತಿಪ್ಪಣ್ಣ ಯಾಕೆ ಸುಮ್ಮನಾದ? ಗೋಡೆಗೆ ಕಿವಿ ಕೊಟ್ಟು ಕೂತಿದ್ದಾನೆ... ಸತ್ತಿತೋ ಇಲ್ಲವೋ ಕೇಳಲು.

ಮಧ್ಯಾಹ್ನ ಹಿತ್ತಲಿನ ಬೇವಿನ ಬುಡದಲ್ಲಿ ಮಣ್ಣು ಮಾಡಿ ಕೈ ತೊಳೆಯುತ್ತಿದ್ದಳು. ಆಗ ಕೇಳಿಸಿತು. ಖಟ್... ಖಟ್... ಖಟ್...

ಮಗ್ಗ ಶುರು. ಕೆಲಸ ಮುಗಿಯಿತು ಎಂದು ಖುಷಿಯಲ್ಲಿ ಹೊಡೆಯುತ್ತಿದ್ದಾನೆ ಎಂದುಕೊಂಡಳು ಫಕೀರವ್ವ.

ಅವನು ಏನಾದರೂ ಹಾಕಿರಲೇಬೇಕು ಎಂದು ನಡುಗೋಡೆಯ ನೀರಿನ ಕಿಂಡಿಯಲ್ಲಿ ಕೈಯಾಡಿಸಿದಳು. ಸಿಕ್ಕಿತು. ಜೋಳದ ರೊಟ್ಟಿಯ ತುಣುಕು, ಮೇಲೆ ಬೆಣ್ಣೆ.

ವೈರಿಯ ನಾಯಿಗೆ ಯಾರಾದರೂ ಬೆಣ್ಣೆ ಹಚ್ಚಿ ಹಾಕುತ್ತಾರೆಯೇ? ವಿಷ ಮುಚ್ಚಲಿಕ್ಕೇ ಬೆಣ್ಣೆ!

ಮರುದಿನ ಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿದಳು. ನಾನೂ ಅಲ್ಲೇ ಇದ್ದೆ, ಅದಕ್ಕೇ ಹೇಳುತ್ತಿರುವುದು. ನನ್ನ ಮಗನನ್ನು ಕೊಂದವನು ಈ ಓಣಿಯಲ್ಲಿ ಇರಬಾರದು, ಅವನು ಇದ್ದರೆ ನಾನು ಇರುವುದಿಲ್ಲ... ಇದು ಅವಳ ಹಟ.

ತಿಪ್ಪಣ್ಣನನ್ನು ಕರೆಸಿದರು. ಹೆಗಲ ಮೇಲೆ ನೂಲಿನ ಎಳೆಗಳು ಅಂಟಿಕೊಂಡೇ ಬಂದ. ಫಕೀರವ್ವ ಕಾಗದ ಬಿಚ್ಚಿ ರೊಟ್ಟಿ ತೋರಿಸಿದಳು.

"ಇದನ್ನ ಕಿಂಡ್ಯಾಗ ಇಟ್ಟಾಂವ ನೀನ ಹೌದಲ್ಲೋ?"

"ಹೌದು."

ಕಟ್ಟೆಯ ಮೇಲೆ ಗುಜುಗುಜು. ತಿಪ್ಪಣ್ಣ ಆ ತುಣುಕನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಒಣಗಿದ ರೊಟ್ಟಿ... ನಿಧಾನ ಅಗಿದ, ನುಂಗಿದ.

ಎಲ್ಲರೂ ನೋಡುತ್ತಲೇ ಇದ್ದರು. ಆಮೇಲೆ ಅವನೇ ಹೇಳಿದ. ಹೆಂಡತಿ ತೀರಿಕೊಂಡ ವರ್ಷ ಮನೆಯೊಳಗೆ ಮಾತಾಡುವ ಜೀವವೇ ಇರಲಿಲ್ಲವಂತೆ. ಆಗ ಡಾಂಬರ್ಯಾ ಕಿಂಡಿಯಲ್ಲಿ ಮೂತಿ ತೂರಿಸಿತಂತೆ. ಅಂದಿನಿಂದ ದಿನಾ ತನ್ನ ರೊಟ್ಟಿಯಲ್ಲಿ ಅದಕ್ಕೊಂದು ಪಾಲು.

"ನಿನ್ನ ಕೂಡ ಮಾತು ಬಿಟ್ಟಿದ್ನಿ, ಅಕ್ಕಾ. ಅದರ ಕೂಡ ಬಿಟ್ಟಿದ್ದಿಲ್ಲ."

ಫಕೀರವ್ವ ಸೋಲುವವಳಲ್ಲ. ಅನುಮಾನದ ಕೊನೆಯ ಎಳೆ ಇನ್ನೂ ಅವಳ ಕೈಯಲ್ಲೇ ಇತ್ತು.

"ಹಂಗಾರ ಅದು ಸತ್ತಾಗ ನಿನ್ನ ಮಗ್ಗ ಯಾಕ ನಿಂತಿತ್ತು? ಹುಗದ ಮ್ಯಾಲೆ ಯಾಕ ಶುರು ಆತು? ಅದನ್ನ ಹೇಳು."

ತಿಪ್ಪಣ್ಣ ತಲೆ ಎತ್ತಿದ. ಅವನ ಕಣ್ಣು ತುಂಬಿದ್ದನ್ನು ಆ ಓಣಿ ಮೊದಲ ಸಲ ನೋಡಿತು.

"ಓಣ್ಯಾಗ ಹೆಣ ಇದ್ದಾಗ ಮಗ್ಗ ಹೊಡಿತಾರೇನ, ಅಕ್ಕಾ?"

...



"ಯಾರೂ ಸತ್ತಿಲ್ಲ" ಎಂದು ಲೆಕ್ಕ ಹಾಕಿದವಳು, ಅದನ್ನು ಮಗ ಎಂದು ಕರೆದ ಫಕೀರವ್ವ. ಒಂದು ಸಾವಾಗಿದೆ ಎಂದು ಮಗ್ಗದಿಂದ ಕಾಲು ತೆಗೆದು ಕೂತವನು, ವೈರಿ ಎನಿಸಿಕೊಂಡ ತಿಪ್ಪಣ್ಣ.

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಗೆ ಹೋದಳು.

ಸಂಜೆ ಒಲೆ ಹಚ್ಚಿದಳು. ಬಾಣಲೆಯಿಂದ ಎತ್ತಿದ ಮೊದಲ ಘಾಣದ ಭಜಿಯನ್ನು ಕಾಗದದಲ್ಲಿ ಸುತ್ತಿ ಅದೇ ಕಿಂಡಿಯಲ್ಲಿಟ್ಟಳು. ಗೋಡೆಗೆ ಒರಗಿ ಕೂತಳು... ಈ ಸಲ ಗೋಡೆಗೆ ಕಿವಿ ಕೊಟ್ಟವಳು ಅವಳು.

ಖಟ್... ಖಟ್... ಮಗ್ಗ ನಿಂತಿತು. ಕಾಗದ ಸರಪರ ಎಂದಿತು.

"ಖಾರ ಜಾಸ್ತಿ ಆಗೈತಿ," ಅಂದಿತು ಆಚೆಯ ದನಿ.

"ತಿನ್ನು, ಸುಮ್ಕ," ಅಂದಳು ಫಕೀರವ್ವ. ಅಳುತ್ತಿದ್ದಳು.

*

ಮಾತು ಬಿಟ್ಟವರೆಲ್ಲ ಮಮತೆಯನ್ನೂ ಬಿಟ್ಟಿರುತ್ತಾರೆ ಎಂದು ತಿಳಿಯಬೇಡಿ.

ನಿಮ್ಮ ಪಕ್ಕದ ಗೋಡೆಯಾಚೆ ನಿಂತ ಸದ್ದನ್ನು ಕೇಳಿ ನೀವು ಏನೆಂದು ತಿಳಿದುಕೊಂಡಿದ್ದೀರಿ... ಹೋಗಿ ಕೇಳಿದ್ದೀರಾ?

ಇದನ್ನು ಮುಂದೆ ಕಳಿಸಿ. ಹತ್ತು ಗ್ರೂಪಿಗೆ ಬೇಡ. ನೀವು ಮಾತು ಬಿಟ್ಟಿರುವ ಆ ಒಬ್ಬರಿಗೆ ಕಳಿಸಿ, ಸಾಕು.