ಗೆರೆ ಮೇಸ್ತ್ರಿಯ ಅಂಗಿ

"ಇವರ ಕೆಲಸದ ಬಟ್ಟೆ ಒಗೆಯೋದು ಯಾರಮ್ಮ?" ಎಂದು ಡಾಕ್ಟರಮ್ಮ ಕೇಳಿದರು.

"ಅವರೇ ಒಗ್ಕೋತಾರೆ," ಎಂದಳು ಹೆಂಡತಿ, ಒಂದಿಷ್ಟೂ ತಡವರಿಸದೆ.

ಪಕ್ಕದ ಕುರ್ಚಿಯಲ್ಲಿದ್ದ ಮೇಸ್ತ್ರಿ ಕತ್ತು ತಿರುಗಿಸಿ ಅವಳನ್ನೇ ನೋಡಿದ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದು ಕರವಸ್ತ್ರವನ್ನೂ ನೀರಿಗೆ ಅದ್ದಿದವನಲ್ಲ. ಅಡುಗೆಮನೆ ಕಟ್ಟೆಗೆ ಹಾಸುವ ಕಲ್ಲನ್ನು ಮೆಷಿನ್ನಿನಲ್ಲಿ ಕೊಯ್ಯುವುದು ಅವನ ಕಸುಬು. ಸಂಜೆ ಅವನು ಬಿಚ್ಚಿ ಎಸೆದ ಅಂಗಿಯನ್ನು ಅವಳು ಹಿತ್ತಿಲ ಬಾಗಿಲಲ್ಲಿ ನಿಂತು ಪಟಪಟನೆ ಕೊಡವುತ್ತಿದ್ದಳು. ಕೊಡವದೆ ನೆನೆಸಿದರೆ ಕಲ್ಲಿನ ಹಿಟ್ಟು ಕೆಸರಾಗಿ ಬಚ್ಚಲ ಕೊಳವೆ ಕಟ್ಟಿಕೊಳ್ಳುತ್ತಿತ್ತು. ಕೊಡವಿ ಮುಗಿಸುವ ಹೊತ್ತಿಗೆ ಅವಳ ಹುಬ್ಬು, ಮುಂಗೂದಲು ಎಲ್ಲ ಬೆಳ್ಳಗೆ. "ನೋಡೇ, ನನಗಿಂತ ಮೊದಲು ನೀನೇ ಮುದುಕಿ ಆದೆ," ಎಂದು ಅವನು ನಗುತ್ತಿದ್ದ. ಅವಳೂ ಕೆಮ್ಮುತ್ತಲೇ ನಗುತ್ತಿದ್ದಳು.

ಡಾಕ್ಟರಮ್ಮ ಅವಳ ಊದಿದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಬೀದಿಯ ಹೆಂಗಸರ ಬಟ್ಟೆಗೆಲ್ಲ ಗುಂಡಿ, ಕಾಜ ಹೊಲಿದುಕೊಡುತ್ತಿದ್ದ ಬೆರಳುಗಳು ಅವು. ಆರು ತಿಂಗಳಿಂದ ಸೂಜಿ ಹಿಡಿದಿರಲಿಲ್ಲ.

"ಮೈಯನ್ನ ಕಾಯಬೇಕಾದ ಶಕ್ತೀನೇ ತಿರುಗಿಬಿದ್ದು ಕೀಲುಗಳನ್ನ ತಿಂತಿದೆ. ಈ ಸಂಧಿವಾತ ಅಂಥದ್ದು," ಎಂದರು.

"ಬೇಲೀನೇ ಎದ್ದು ಹೊಲ ಮೇಯ್ದ ಹಾಗೆ ಅನ್ನಿ," ಎಂದಳು ಹೆಂಡತಿ.

"ಸರಿಯಾಗಿ ಹೇಳಿದ್ರಿ. ಹೀಗಾಗೋಕೆ ಇಂಥದ್ದೇ ಕಾರಣ ಅಂತ ತೋರಿಸೋಕಾಗಲ್ಲ. ಮನೆತನದಲ್ಲಿ ಇರಬಹುದು. ಬೀಡಿ, ಸಿಗರೇಟಿನ ಹೊಗೆ ಇರಬಹುದು. ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದವರಲ್ಲೂ ಇದು ಹೆಚ್ಚು ಕಾಣುತ್ತೆ. ಅದಕ್ಕೇ ಬಟ್ಟೆ ವಿಷಯ ಕೇಳಿದೆ."

"ಧೂಳು ಕುಡಿಯೋನು ನಾನು. ನನಗ್ಯಾಕೆ ಬರಲಿಲ್ಲ?" ಎಂದ ಮೇಸ್ತ್ರಿ. ಸಿಟ್ಟು ಯಾರ ಮೇಲೆಂದು ಅವನಿಗೇ ಗೊತ್ತಿರಲಿಲ್ಲ.

"ಒಬ್ಬರಿಗೆ ಬರುತ್ತೆ, ಇನ್ನೊಬ್ಬರಿಗೆ ಬರಲ್ಲ. ಅದಕ್ಕೆ ಉತ್ತರ ನನ್ನ ಹತ್ರಾನೂ ಇಲ್ಲ."

"ಮತ್ತೆ ಸೂಜಿ ಹಿಡೀಬಹುದಾ ಮೇಡಂ?" ಎಂದು ಹೆಂಡತಿ ಕೇಳಿದಳು.

"ಮಾತ್ರೆಯಿಂದ ನೋವು ತಗ್ಗುತ್ತೆ. ಇನ್ನೂ ಕೆಡದ ಹಾಗೆ ನೋಡ್ಕೋಬಹುದು. ಬಾಗಿರೋ ಈ ಎರಡು ಬೆರಳು ಮಾತ್ರ ಇನ್ನು ನೇರ ಆಗಲ್ಲಮ್ಮ." ಡಾಕ್ಟರಮ್ಮ ಕಾಗದದಲ್ಲಿ ‘ಕಲ್ಲಿನ ಧೂಳು’ ಎಂದು ಬರೆದು, ಅದರ ಮುಂದೆ ‘ಇಲ್ಲ’ ಎಂದು ಸೇರಿಸಿದರು. ಮೇಸ್ತ್ರಿ ಕತ್ತು ಚಾಚಿ ಅದನ್ನು ಓದಿದ.

ಬಸ್ಸಿಗೆ ಕಾಯುವಾಗ ಅವನು ಕೇಳಿದ: "ಯಾಕೆ ಸುಳ್ಳು ಹೇಳಿದೆ?"

"ನಿಜ ಹೇಳಿದ್ರೆ ನಾಳೆ ನೀವು ಕಲ್ಲು ಮುಟ್ತಿದ್ರಾ? ಬೇರೆ ಏನು ಬರುತ್ತೆ ನಿಮಗೆ? ಗೋಡೆಗೆ ಒಂದು ಮೊಳೆ ಹೊಡೆಯೋಕೂ ನನ್ನ ತಮ್ಮನ್ನ ಕರೀತೀರ." ಅವಳು ನಗಲು ನೋಡಿದಳು. "ಅವರೂ ಖಂಡಿತ ಅಂತ ಹೇಳಲಿಲ್ಲ ಅಲ್ವಾ? ಬಿಡಿ. ನನ್ನ ಸೋದರತ್ತೆಗೂ ಹೀಗೇ ಬೆರಳು ಸೊಟ್ಟಗಿತ್ತು. ಮನೆತನದ್ದೇ ಇದು."

ಅವಳಿಗೆ ಸೋದರತ್ತೆಯೇ ಇರಲಿಲ್ಲ.

ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಅವನಿಗೆ ಗೆರೆ ಮೇಸ್ತ್ರಿ ಎಂದೇ ಹೆಸರು. ಪೆನ್ಸಿಲಿನಲ್ಲಿ ಎಳೆದ ಗೆರೆಯಿಂದ ಅವನ ಬ್ಲೇಡು ಕೂದಲೆಳೆಯಷ್ಟೂ ಆಚೀಚೆ ಸರಿದದ್ದಿಲ್ಲ. ಧೂಳು ಏಳದಿರಲೆಂದು ಯಜಮಾನರು ಎಂದೋ ಮೆಷಿನ್ನಿಗೆ ನೀರಿನ ನಲ್ಲಿ ಕೂರಿಸಿದ್ದರು. ನೀರು ಬಿದ್ದರೆ ಗೆರೆ ಅಳಿಸಿಹೋಗುತ್ತದೆಂದು ಅವನು ಮೊದಲ ದಿನವೇ ಅದನ್ನು ಮುಚ್ಚಿಬಿಟ್ಟಿದ್ದ. ಅವನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಅದು ಮುಚ್ಚಿದ ಹಾಗೆಯೇ ಇತ್ತು.

ಮಾರನೆಯ ದಿನ ಅವನು ಆ ನಲ್ಲಿಗೆ ಕೈ ಹಾಕಿದ. ತುಕ್ಕು ಹಿಡಿದು ಕಚ್ಚಿಕೊಂಡಿರಬಹುದೆಂದು ಬಲವಾಗಿ ಹಿಡಿದಿದ್ದ. ಅರ್ಧ ಸುತ್ತಿಗೇ ನೀರು ಬಂತು. ಗೆರೆ ಕರಗಿತು. ಕಲ್ಲು ಒಂದು ಬೆರಳಿನಷ್ಟು ಸೊಟ್ಟಗೆ ಕೊಯ್ದುಹೋಯಿತು.

"ಏನು ಮೇಸ್ತ್ರೀ, ಕಣ್ಣು ಮಂಜಾಯ್ತಾ?" ಎಂದು ಯಜಮಾನರು ಅಲ್ಲಿಂದಲೇ ಕೂಗಿದರು. ಮಿಕ್ಕ ಮೆಷಿನ್ನುಗಳೂ ಒಂದು ಗಳಿಗೆ ನಿಂತವು.

"ಹೌದು ಯಜಮಾನ್ರೇ," ಎಂದ. ನಲ್ಲಿಯನ್ನು ಮಾತ್ರ ಮುಚ್ಚಲಿಲ್ಲ.

ಸಂಜೆ ಮನೆಗೆ ಬಂದಾಗ ಅವನ ಅಂಗಿ ಒದ್ದೆಮುದ್ದೆಯಾಗಿತ್ತು. ಹೆಂಡತಿ ಅದನ್ನು ಕೈಗೆ ತೆಗೆದುಕೊಂಡು, "ಮಳೆ ಬಂತಾ?" ಎಂದಳು. ಕಿಟಕಿಯಾಚೆ ಬಿಸಿಲು ಇನ್ನೂ ಸುಡುತ್ತಿತ್ತು.

"ಬಂತು," ಎಂದ ಅವನು.

ಅವಳು ಅಭ್ಯಾಸಬಲದಿಂದ ಅಂಗಿಯನ್ನು ಹಿತ್ತಿಲ ಬಾಗಿಲಿಗೆ ಒಯ್ದು, ಉಸಿರು ಬಿಗಿಹಿಡಿದು, ಒಮ್ಮೆ ಕೊಡವಿದಳು. ಬೆರಳಿಗೆ ಹಿಡಿತ ಸಿಗಲಿಲ್ಲ. ಅಂಗಿ ಜಾರಿ ಪಚ್ಚೆಂದು ನೆಲಕ್ಕೆ ಬಿತ್ತು. ಚಿಟಿಕೆಯಷ್ಟು ಧೂಳೂ ಏಳಲಿಲ್ಲ.